ಭ್ರೂಣ ರೂಪಿಸುವ ಜೀನು ಕ್ಯಾನ್ಸರ್ ವರದಿಯಲ್ಲೇಕೆ?

ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವರಲ್ಲ. ಹಸಿವಿಲ್ಲ, ಬಲಪಕ್ಕೆಯಲ್ಲಿ ನೋವು ಎಂದು ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಗಡ್ಡೆಗಳು ಕಂಡವು. ಬಯಾಪ್ಸಿ ವರದಿಯಲ್ಲಿ "ಟಿಟಿಎಫ್-1 ಪಾಸಿಟಿವ್, ಸಿಡಿಎಕ್ಸ್-2 ನೆಗೆಟಿವ್, ಪ್ಯಾಕ್ಸ್-8 ನೆಗೆಟಿವ್" ಎಂದು ಬರೆದು, ಇದು ಶ್ವಾಸಕೋಶದ ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್, ಲಿವರಿಗೆ ಹರಡಿದೆ ಎಂದಿದ್ದಾರೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಇವೆಲ್ಲ ಹೊಟ್ಟೆಯೊಳಗಿನ ಮಗುವಿನ ಅಂಗಾಂಗ ರೂಪಿಸುವ ಜೀನುಗಳು ಎಂದಿದೆ. ಮಗುವಿನ ಶ್ವಾಸಕೋಶ ರೂಪಿಸುವ ಜೀನು ಅಮ್ಮನ ಲಿವರಿನಲ್ಲಿ ಏನು ಮಾಡುತ್ತಿದೆ? ಅವರು ಗರ್ಭದಲ್ಲಿದ್ದಾಗಿನ ಯಾವುದೋ ದೋಷ ಈಗ ತಲೆಯೆತ್ತಿತೇ? ನನಗೆ, ನನ್ನ ತಮ್ಮನಿಗೆ ಬರುವ ಸಾಧ್ಯತೆ ಇದೆಯೇ? ಆ ಜೀನನ್ನೇ ತಡೆಯುವ ಔಷಧಿ ಕೊಟ್ಟರೆ ಆಗುವುದಿಲ್ಲವೇ?

ಹಾವೇರಿಯಿಂದ ಒಬ್ಬ ಓದುಗರು

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ. ಟಿಟಿಎಫ್-1, ಸಿಡಿಎಕ್ಸ್-2, ಪ್ಯಾಕ್ಸ್-8 ಮೂರೂ ಭ್ರೂಣದಲ್ಲಿ ಅಂಗಗಳನ್ನು ರೂಪಿಸುವ ಜೀನುಗಳೇ. ಆದರೆ ಅದನ್ನು ಓದಿ ನಿಮ್ಮಲ್ಲಿ ಹುಟ್ಟಿದ ಭಯಕ್ಕೆ, ಅಂದರೆ ಗರ್ಭದಲ್ಲೇ ಏನೋ ಕೆಟ್ಟಿತ್ತು, ಅರವತ್ತು ವರ್ಷದ ಮೇಲೆ ಹೊರಬಂತು ಎನ್ನುವುದಕ್ಕೆ, ನಿಮ್ಮ ತಾಯಿಯವರ ವರದಿಯಲ್ಲಿ ಯಾವ ಆಧಾರವೂ ಇಲ್ಲ. ಆ ಪರೀಕ್ಷೆಗಳನ್ನು ಮಾಡಿದ್ದು ಗಡ್ಡೆ ಎಲ್ಲಿಂದ ಹೊರಟಿತು ಎಂದು ಪತ್ತೆ ಹಚ್ಚುವುದಕ್ಕೆ. ನಿಮ್ಮ ನಾಲ್ಕು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾಗಿ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಚರ್ಮದ ಕೋಶದೊಳಗೆ ಇನ್ಸುಲಿನ್ ತಯಾರಿಸುವ ಜೀನೂ ಇದೆ, ಆದರೆ ಅದು ಅಲ್ಲಿ ಸುಮ್ಮನಿರುತ್ತದೆ. ಯಾವ ಕೋಶದಲ್ಲಿ ಯಾವ ಜೀನು ಕೆಲಸಕ್ಕೆ ಇಳಿಯಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವ ಪ್ರೋಟೀನುಗಳೇ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳು. ಅವು ಡಿಎನ್‌ಎ ಮೇಲೆ ತಮಗೆ ಒಗ್ಗುವ ಜಾಗ ಹುಡುಕಿ ಕೂತು, ಸುತ್ತಲಿನ ಜೀನುಗಳನ್ನು ಎಬ್ಬಿಸುತ್ತವೆ ಅಥವಾ ಮಲಗಿಸುತ್ತವೆ. ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿ ತಾನೇ ಇಟ್ಟಿಗೆ ಹೊರುವುದಿಲ್ಲ, ಯಾರು ಎಲ್ಲಿ ಗೋಡೆ ಎಬ್ಬಿಸಬೇಕು, ಎಲ್ಲಿ ಬಾಗಿಲು ಬಿಡಬೇಕು ಎಂದು ಹೇಳುತ್ತಾನಲ್ಲ, ಇವುಗಳ ಕೆಲಸವೂ ಅಂಥದ್ದೇ. ಮನುಷ್ಯನ ಸುಮಾರು 20,000 ಪ್ರೋಟೀನ್ ಜೀನುಗಳಲ್ಲಿ ಸುಮಾರು 1,600 ಈ ಕೆಲಸಕ್ಕೇ ಮೀಸಲು.

ಅವುಗಳಲ್ಲಿ ಕೆಲವಕ್ಕೆ ಇಡೀ ಅಂಗವನ್ನೇ ರೂಪಿಸುವಷ್ಟು ಅಧಿಕಾರವಿದೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೆರಿಂಗ್ ಅವರ ತಂಡ ಇಲಿಯ ಪ್ಯಾಕ್ಸ್-6 ಎಂಬ ಜೀನನ್ನು ಹಣ್ಣಿನ ನೊಣದ ಮರಿಯಲ್ಲಿ, ಇರಬಾರದ ಜಾಗದಲ್ಲಿ ಚಾಲೂ ಮಾಡಿತು. ನೊಣದ ಕಾಲಿನ ಮೇಲೆ ಕಣ್ಣು ಮೂಡಿತು. ಅದು ಇಲಿಯ ಕಣ್ಣಲ್ಲ, ನೊಣದ್ದೇ ಕಣ್ಣು. ಅಂದರೆ ಇಲಿಯ ಜೀನು ಕೊಟ್ಟದ್ದು "ಇಲ್ಲಿ ಕಣ್ಣು" ಎಂಬ ಆದೇಶ ಮಾತ್ರ, ಉಳಿದದ್ದನ್ನು ನೊಣದ ಜೀನುಗಳೇ ಮಾಡಿದವು. ಒಂದು ಪ್ರೋಟೀನಿಗೆ ಇಷ್ಟು ಬಲ ಇರುವಾಗ, ಅದು ಎಡವಿದರೆ ಏನಾಗಬಹುದು ಎಂಬ ಪ್ರಶ್ನೆ ಕ್ಯಾನ್ಸರ್ ಸಂಶೋಧಕರನ್ನು ಕಾಡಿದ್ದು ಸಹಜ.

ಈಗ ಟಿಟಿಎಫ್-1ಕ್ಕೆ ಬರೋಣ. ಇದರ ಅಧಿಕೃತ ಹೆಸರು ಎನ್‌ಕೆಎಕ್ಸ್2-1. ಭ್ರೂಣಕ್ಕೆ ನಾಲ್ಕನೆಯ ವಾರ ನಡೆಯುತ್ತಿರುವಾಗ, ಮುಂದೆ ಅನ್ನನಾಳವಾಗಲಿರುವ ಕೊಳವೆಯ ಮುಂಬದಿಯ ಗೋಡೆಯಲ್ಲಿ ಕೆಲವೇ ಕೋಶಗಳು ಈ ಪ್ರೋಟೀನನ್ನು ತಯಾರಿಸತೊಡಗುತ್ತವೆ. ಅದೇ ಜಾಗದಿಂದ ಶ್ವಾಸಕೋಶದ ಮೊಗ್ಗು ಹೊರಡುತ್ತದೆ. ಥೈರಾಯ್ಡ್ ಗ್ರಂಥಿಗೂ ಮಿದುಳಿನ ಒಂದು ಭಾಗಕ್ಕೂ ಇದೇ ಜೀನು ಬೇಕು. 1996ರಲ್ಲಿ ಈ ಜೀನನ್ನು ತೆಗೆದುಹಾಕಿದ ಇಲಿಮರಿಗಳು ಹುಟ್ಟುತ್ತಲೇ ಸತ್ತವು. ಅವಕ್ಕೆ ಥೈರಾಯ್ಡ್ ಇರಲೇ ಇಲ್ಲ, ಶ್ವಾಸಕೋಶದ ಜಾಗದಲ್ಲಿ ಟೊಳ್ಳು ಚೀಲದಂಥದ್ದು ಮಾತ್ರ ಇತ್ತು.

ಆದರೆ ಮಗು ಹುಟ್ಟಿದ ಮೇಲೆ ಟಿಟಿಎಫ್-1 ನಿವೃತ್ತಿ ಆಗುವುದಿಲ್ಲ. ಉಸಿರಾಡುವಾಗ ಶ್ವಾಸಕೋಶದ ಗಾಳಿಗೂಡುಗಳು ಮುದುಡಿ ಅಂಟಿಕೊಳ್ಳದಂತೆ ಒಳಗೆ ಒಂದು ಜಾರುವ ಪದರ ಇರಬೇಕು. ಅದೇ ಸರ್ಫ್ಯಾಕ್ಟಂಟ್. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಇದು ಸಾಲದೆ ಉಸಿರಾಟದ ತೊಂದರೆ ಆಗುವುದನ್ನು ನೀವು ಕೇಳಿರಬಹುದು. ಆ ಪದರದ ಪ್ರೋಟೀನುಗಳನ್ನು ತಯಾರಿಸುವ ಜೀನುಗಳನ್ನು ಜೀವಮಾನವಿಡೀ ಚಾಲೂ ಇಡುವುದು ಟಿಟಿಎಫ್-1. ನಿಮ್ಮ ತಾಯಿಯವರ ಶ್ವಾಸಕೋಶದಲ್ಲಿ ಅದು 61 ವರ್ಷವೂ ಇತ್ತು, ನಿಮ್ಮದರಲ್ಲೂ ನನ್ನದರಲ್ಲೂ ಈ ಗಳಿಗೆಯಲ್ಲಿ ಇದೆ. ಭ್ರೂಣದ ಜೀನು ಎಂದು ನಾವು ಕರೆಯುವುದು ಅಂಗ ರೂಪಿಸುವ ಕೆಲಸವನ್ನು ಅದು ಅಲ್ಲಿ ಮಾಡುವುದರಿಂದ. ಅದರ ಆಯುಷ್ಯದ ಬಹುಪಾಲು ಕಳೆಯುವುದು ದೊಡ್ಡವರ ದೇಹದಲ್ಲೇ.

ಆದರೆ ಲಿವರಿನಲ್ಲಿ ಅದು ಇರುವಂತಿಲ್ಲ. ಇದೇ ಪತ್ತೆಯ ಕೀಲಕ. ಲಿವರಿನಿಂದ ಸೂಜಿಯಲ್ಲಿ ತೆಗೆದ ದಾರದಂಥ ತುಣುಕನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಟಿಟಿಎಫ್-1ಕ್ಕೆ ಮಾತ್ರ ಅಂಟುವ ಆ್ಯಂಟಿಬಾಡಿ ಹಾಕುತ್ತಾರೆ. ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಬರುತ್ತದೆ, ಇಲ್ಲದಲ್ಲಿ ನೀಲಿ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಬದಿಯಲ್ಲಿ ಲಿವರಿನ ಕೋಶಗಳು ಸಾಲಾಗಿ, ನೀಲಿ ನ್ಯೂಕ್ಲಿಯಸ್ ಹೊತ್ತು ಕೂತಿರುತ್ತವೆ. ಪಕ್ಕದಲ್ಲೇ ಅಡ್ಡಾದಿಡ್ಡಿಯಾಗಿ ಬೆಳೆದ ಕ್ಯಾನ್ಸರ್ ಕೋಶಗಳ ಗುಂಪು, ಅವುಗಳ ನ್ಯೂಕ್ಲಿಯಸ್ ಗಾಢ ಕಂದು. ಇಲ್ಲಿ ಒಂದು ಎಚ್ಚರ ಬೇಕು. ಕೆಲವು ಆ್ಯಂಟಿಬಾಡಿಗಳು ಲಿವರಿನ ಸ್ವಂತ ಕೋಶಗಳಿಗೂ ಕಂದು ಬಣ್ಣ ಹಚ್ಚುತ್ತವೆ, ಆದರೆ ಆ ಬಣ್ಣ ನ್ಯೂಕ್ಲಿಯಸ್‌ನಲ್ಲಿ ಇರುವುದಿಲ್ಲ, ಅದರ ಸುತ್ತ ಪುಡಿಪುಡಿಯಾಗಿ ಹರಡಿರುತ್ತದೆ. ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರು ಕೆಲಸ ಮಾಡುವುದು ಡಿಎನ್‌ಎ ಇರುವ ಜಾಗದಲ್ಲಿ, ಅಂದರೆ ನ್ಯೂಕ್ಲಿಯಸ್‌ನಲ್ಲಿ. ಅಲ್ಲಿ ಬಣ್ಣ ಬಂದರೆ ಮಾತ್ರ ಅದು ಲೆಕ್ಕಕ್ಕೆ. ನಾವು ಪೆಥಾಲಜಿಯವರು ಈ ವಿಷಯದಲ್ಲಿ ಕಿರಿಯರಿಗೆ ಮತ್ತೆ ಮತ್ತೆ ಹೇಳುವ ಮಾತು ಇದು.

ಉಳಿದ ಎರಡು ಪರೀಕ್ಷೆ ಏಕೆ? ಕರುಳು, ಜಠರ, ಸ್ತನ, ಅಂಡಾಶಯ, ಶ್ವಾಸಕೋಶ ಎಲ್ಲ ಕಡೆಯ ಕ್ಯಾನ್ಸರೂ ಬಂದು ತಂಗುವ ಜಾಗ ಲಿವರು. ಸಿಡಿಎಕ್ಸ್-2 ಕರುಳನ್ನು ರೂಪಿಸುವ ಜೀನು. ಅದು ನೆಗೆಟಿವ್ ಬಂದಾಗ ದೊಡ್ಡ ಕರುಳಿನ ಅನುಮಾನ ಹಿಂದೆ ಸರಿಯುತ್ತದೆ. ಪ್ಯಾಕ್ಸ್-8 ಮೂತ್ರಪಿಂಡ, ಗರ್ಭಕೋಶ ಮತ್ತು ಥೈರಾಯ್ಡನ್ನು ರೂಪಿಸುವ ಜೀನು, ಅಂಡಾಶಯದ ಬಹುತೇಕ ಕ್ಯಾನ್ಸರುಗಳಲ್ಲೂ ಕಾಣುತ್ತದೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಟಿಟಿಎಫ್-1 ಕೂಡ ಪಾಸಿಟಿವ್ ಬರುವುದರಿಂದ, ಬರೀ ಟಿಟಿಎಫ್-1 ನೋಡಿ ಶ್ವಾಸಕೋಶ ಎಂದುಬಿಡಲು ಆಗುವುದಿಲ್ಲ. ಪ್ಯಾಕ್ಸ್-8 ನೆಗೆಟಿವ್ ಇದ್ದಾಗ ಥೈರಾಯ್ಡ್ ಪಕ್ಕಕ್ಕೆ ಸರಿದು ಶ್ವಾಸಕೋಶ ಉಳಿಯುತ್ತದೆ. ಮೂರು ಪದಗಳಲ್ಲಿ ಮುಗಿದಿರುವ ಆ ವರದಿಯ ಹಿಂದೆ ಇಷ್ಟು ಯೋಚನೆ ಇದೆ, ಅದನ್ನು ಮಾಡಿದವರು ಸರಿಯಾದ ದಾರಿಯಲ್ಲೇ ಹೋಗಿದ್ದಾರೆ.

ಹಾಗಾದರೆ ಕ್ಯಾನ್ಸರ್ ಕೋಶ ಇಷ್ಟೆಲ್ಲ ಕೆಟ್ಟ ಮೇಲೂ ತನ್ನ ಹುಟ್ಟಿನ ಗುರುತನ್ನು ಏಕೆ ಉಳಿಸಿಕೊಂಡಿದೆ? ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯ ಅನಿಸುವ ಪ್ರಶ್ನೆ ಇದೇ. ಬಹಳಷ್ಟು ಸಲ ಆ ಗುರುತಿಲ್ಲದೆ ಅದಕ್ಕೆ ಬದುಕು ನಡೆಯುವುದಿಲ್ಲ. 2005ರಲ್ಲಿ ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್ ಮೆಲನೋಮದಲ್ಲಿ, ಬಣ್ಣದ ಕೋಶವನ್ನು ರೂಪಿಸುವ ಎಂಐಟಿಎಫ್ ಜೀನಿನ ಪ್ರತಿಗಳು ಕೆಲವು ಗಡ್ಡೆಗಳಲ್ಲಿ ಹೆಚ್ಚಾಗಿರುವುದು ಪತ್ತೆಯಾಯಿತು. 2007ರಲ್ಲಿ ಹಲವು ತಂಡಗಳು ಶ್ವಾಸಕೋಶದ ಅಡಿನೋಕಾರ್ಸಿನೋಮದಲ್ಲಿ ಇದನ್ನೇ ಕಂಡವು. ಸುಮಾರು ಹತ್ತರಲ್ಲಿ ಒಂದು ಗಡ್ಡೆಯಲ್ಲಿ 14ನೇ ಕ್ರೋಮೋಸೋಮಿನ ಟಿಟಿಎಫ್-1 ಇರುವ ತುಣುಕು ಎರಡು ಪ್ರತಿಗಳ ಬದಲು ಹಲವು ಪ್ರತಿಗಳಾಗಿ ಬೆಳೆದಿತ್ತು. ಲ್ಯಾಬಿನಲ್ಲಿ ಅಂಥ ಕೋಶಗಳ ಟಿಟಿಎಫ್-1 ಇಳಿಸಿದರೆ ಕೋಶಗಳು ಸಾಯತೊಡಗಿದವು.

ಇದನ್ನು ಓದಿದವರಿಗೆ ನಿಮ್ಮ ಕೊನೆಯ ಪ್ರಶ್ನೆಯೇ ಬರಬೇಕು, ಹಾಗಿದ್ದರೆ ಟಿಟಿಎಫ್-1 ತಡೆದುಬಿಡೋಣ ಅಂತ. ಆದರೆ 2011ರಲ್ಲಿ ಇಲಿಗಳ ಶ್ವಾಸಕೋಶ ಕ್ಯಾನ್ಸರ್ ಬೇರೆಯದೇ ಕಥೆ ಹೇಳಿತು. ಅಲ್ಲಿ ಟಿಟಿಎಫ್-1 ಕಳೆದುಕೊಂಡ ಗಡ್ಡೆಗಳೇ ಹೆಚ್ಚು ಉಗ್ರವಾಗಿ ಹರಡುತ್ತಿದ್ದವು. 2013ರಲ್ಲಿ ಇನ್ನೂ ಸೋಜಿಗದ ಸಂಗತಿ ಹೊರಬಂತು. ಗಡ್ಡೆಯಿಂದ ಟಿಟಿಎಫ್-1 ತೆಗೆದಾಗ ಶ್ವಾಸಕೋಶದ ಕೋಶಗಳು ಜಠರದ ಕೋಶಗಳಂತೆ ಲೋಳೆ ಸುರಿಸತೊಡಗಿದವು. ಯೋಚಿಸಿ ನೋಡಿದರೆ ಇದರಲ್ಲಿ ಅರ್ಥವಿದೆ. ಭ್ರೂಣದಲ್ಲಿ ಶ್ವಾಸಕೋಶವೂ ಜಠರವೂ ಹುಟ್ಟುವುದು ಒಂದೇ ಕೊಳವೆಯಿಂದ. ನೀನು ಶ್ವಾಸಕೋಶ ಎಂದು ಹೇಳುವವರು ಇಲ್ಲವಾದಾಗ ಕೋಶ ಹತ್ತಿರದ ಇನ್ನೊಂದು ದಾರಿ ಹಿಡಿಯಿತು. ಮನುಷ್ಯರಲ್ಲೂ ಟಿಟಿಎಫ್-1 ಉಳಿಸಿಕೊಂಡ ಅಡಿನೋಕಾರ್ಸಿನೋಮಗಳು ಒಟ್ಟಾರೆಯಾಗಿ ಅದನ್ನು ಕಳೆದುಕೊಂಡವುಗಳಿಗಿಂತ ತುಸು ಸೌಮ್ಯವಾಗಿ ನಡೆದುಕೊಳ್ಳುತ್ತವೆ. ಕರುಳಿನಲ್ಲೂ ಹಾಗೇ. ಸಿಡಿಎಕ್ಸ್-2 ಕಳೆದುಕೊಂಡ ದೊಡ್ಡ ಕರುಳಿನ ಕ್ಯಾನ್ಸರ್ ಮತ್ತೆ ಬರುವ ಸಾಧ್ಯತೆ ಹೆಚ್ಚು ಎಂದು 2016ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಆದ್ದರಿಂದ ನಿಮ್ಮ ತಾಯಿಯವರ ವರದಿಯ "ಪಾಸಿಟಿವ್" ಎಂಬ ಪದ ಕಂಡು ಹೆದರಬೇಡಿ.

ಇದೇ ಜೀನು ಒಂದು ಕಡೆ ಗಡ್ಡೆಗೆ ಆಸರೆ, ಇನ್ನೊಂದು ಕಡೆ ಗಡ್ಡೆಗೆ ಲಗಾಮು. ಇವು ಒಳ್ಳೆಯ ಜೀನು, ಇವು ಕೆಟ್ಟ ಜೀನು ಎಂದು ಪಟ್ಟಿ ಮಾಡುವ ಲೇಖನಗಳನ್ನು ಓದಿದಾಗ ನನಗೆ ಬೇಸರವಾಗುವುದು ಇದಕ್ಕೇ. ಅಂಗ ರೂಪಿಸುವ ಜೀನುಗಳ ವಿಷಯದಲ್ಲಿ ಅಂಥ ಪಟ್ಟಿ ನಿಲ್ಲುವುದಿಲ್ಲ. ಯಾವ ಕೋಶ, ಯಾವ ಹಂತ, ಜೊತೆಗೆ ಇನ್ನೇನು ಕೆಟ್ಟಿದೆ ಎಂಬುದರ ಮೇಲೆ ಅದರ ಪಾತ್ರ ಬದಲಾಗುತ್ತದೆ.

ಆದರೂ ಕೆಲವು ಕ್ಯಾನ್ಸರುಗಳಲ್ಲಿ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರೇ ನೇರ ಅಪರಾಧಿ. ಅದಕ್ಕೆ ಅತ್ಯುತ್ತಮ ಉದಾಹರಣೆ ರಕ್ತದ ಕ್ಯಾನ್ಸರಿನ ಒಂದು ಬಗೆಯಾದ ಎಪಿಎಲ್, ಪೂರ್ತಿ ಹೆಸರು ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೀಮಿಯ. ಇದರ ಕಥೆಯನ್ನು ವಿವರವಾಗಿ ಹೇಳಲೇಬೇಕು. ಈ ಇಡೀ ವಿಚಾರ ರೋಗಿಗಳ ಜೀವ ಉಳಿಸುವ ಮಟ್ಟಕ್ಕೆ ಬಂದದ್ದು ಅಲ್ಲಿಯೇ.

ನಮ್ಮ ದೇಹದಲ್ಲಿ ವಿಟಮಿನ್ ಎ ಒಂದು ಭಾಗ ರೆಟಿನೋಯಿಕ್ ಆಸಿಡ್ ಆಗಿ ಮಾರ್ಪಟ್ಟು, ಭ್ರೂಣದಲ್ಲಿ ಎಲ್ಲಿ ಏನು ಬೆಳೆಯಬೇಕು ಎಂದು ತಿಳಿಸುವ ಸಂಕೇತವಾಗಿ ಕೆಲಸ ಮಾಡುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಲೇಬಾರದು ಎನ್ನುವುದು ಈ ಕಾರಣಕ್ಕೆ. ಅದೂ ಇದೇ ಜಾತಿಯ ರಾಸಾಯನಿಕ, ಭ್ರೂಣದ ಸಂಕೇತಗಳನ್ನು ಕಲಸಿಬಿಡುತ್ತದೆ. ಈ ಸಂಕೇತವನ್ನು ಹಿಡಿದುಕೊಳ್ಳುವ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳಲ್ಲಿ ಒಂದರ ಹೆಸರು ರಾರ್-ಆಲ್ಫಾ. ಅಸ್ಥಿಮಜ್ಜೆಯಲ್ಲಿ ಎಳೆಯ ಬಿಳಿರಕ್ತಕಣ ಬಲಿಯುವಾಗಲೂ ಇದರ ಪಾತ್ರವಿದೆ. ಎಪಿಎಲ್‌ನಲ್ಲಿ 15ನೇ ಮತ್ತು 17ನೇ ಕ್ರೋಮೋಸೋಮುಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಷಿಕಾಗೋದ ಜ್ಯಾನೆಟ್ ರೌಲಿ ಇದನ್ನು 1977ರಲ್ಲಿ ಗುರುತಿಸಿದರು. ಆ ಬೆಸುಗೆಯಲ್ಲಿ ರಾರ್-ಆಲ್ಫಾ ಪಿಎಂಎಲ್ ಎಂಬ ಇನ್ನೊಂದು ಪ್ರೋಟೀನಿಗೆ ಕಚ್ಚಿಕೊಂಡು, ಎಬ್ಬಿಸಬೇಕಾದ ಜೀನುಗಳನ್ನು ಅದುಮಿ ಹಿಡಿಯುತ್ತದೆ. ಕೋಶ ಎಳೆಯದಾಗಿಯೇ ನಿಂತುಬಿಡುತ್ತದೆ, ಬಲಿಯುವುದೂ ಇಲ್ಲ, ಸಾಯುವುದೂ ಇಲ್ಲ, ಸಂಖ್ಯೆ ಮಾತ್ರ ಬೆಳೆಯುತ್ತ ಹೋಗುತ್ತದೆ. ರೋಗಿಗೆ ಮೈಯೆಲ್ಲ ರಕ್ತಸ್ರಾವ. ಒಂದು ಕಾಲದಲ್ಲಿ ವೈದ್ಯರು ಅತಿ ಹೆಚ್ಚು ಹೆದರುತ್ತಿದ್ದ ಲ್ಯುಕೀಮಿಯ ಇದು.

1985ರಲ್ಲಿ ಶಾಂಘೈಯಲ್ಲಿ ವಾಂಗ್ ಝೆನ್‌ಯಿ ಎಂಬ ವೈದ್ಯರು, ಬೇರೆ ಔಷಧಿ ಯಾವುದಕ್ಕೂ ಬಗ್ಗದೆ ಸಾವಿನಂಚಿಗೆ ಬಂದಿದ್ದ ಐದು ವರ್ಷದ ಹುಡುಗಿಗೆ ರೆಟಿನೋಯಿಕ್ ಆಸಿಡಿನ ಒಂದು ರೂಪವಾದ ಆಟ್ರಾ ಕೊಟ್ಟರು. ಹುಡುಗಿ ಚೇತರಿಸಿಕೊಂಡಳು. 1988ರಲ್ಲಿ ಅವರ ತಂಡ 24 ರೋಗಿಗಳ ಅನುಭವ ಪ್ರಕಟಿಸಿತು. ಇಲ್ಲಿ ಗಮನಿಸಬೇಕಾದ್ದು, ಔಷಧಿ ಕೋಶಗಳನ್ನು ಕೊಂದಿರಲಿಲ್ಲ. ಚಿಕಿತ್ಸೆಯ ನಡುವೆ ಇಂಥ ರೋಗಿಗಳ ರಕ್ತ ನೋಡಿದರೆ, ಪೂರ್ತಿ ಬಲಿತ ಬಿಳಿರಕ್ತಕಣಗಳೊಳಗೆ ಔಯರ್ ಕಡ್ಡಿಗಳು ಕಾಣುತ್ತವೆ. ಆ ಕೆಂಪು ಕಡ್ಡಿಗಳು ಲ್ಯುಕೀಮಿಯ ಕೋಶದ ಗುರುತು, ಸಾಮಾನ್ಯ ಕೋಶದಲ್ಲಿ ಇರುವುದಿಲ್ಲ. ಅಂದರೆ ಕ್ಯಾನ್ಸರ್ ಕೋಶವೇ ದೊಡ್ಡದಾಗಿ, ಬಲಿತು, ತನ್ನ ಆಯುಷ್ಯ ಮುಗಿಸಿ ಹೋಗುತ್ತಿದೆ. ಕ್ಯಾನ್ಸರ್ ಕೋಶವನ್ನು ಕೊಲ್ಲದೆ ಬೆಳೆಸಿಯೂ ಗುಣಪಡಿಸಬಹುದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನಾನು ಕಂಡಿಲ್ಲ.

ಆ ಮೇಲೆ ಚೀನಾದ ಹಾರ್ಬಿನ್‌ನಿಂದ ಆರ್ಸೆನಿಕ್ ಬಂತು, ನಮ್ಮಲ್ಲಿ ಪಾಷಾಣ ಎನ್ನುವ ಅದೇ ವಸ್ತು, ಅಳತೆಯಲ್ಲಿ. ಆಟ್ರಾ ಬೆಸುಗೆಯ ರಾರ್ ತುದಿಯನ್ನು ಹಿಡಿದರೆ ಆರ್ಸೆನಿಕ್ ಪಿಎಂಎಲ್ ತುದಿಯನ್ನು ಹಿಡಿಯುತ್ತದೆ, ಎರಡೂ ಸೇರಿ ಆ ಪ್ರೋಟೀನನ್ನೇ ನಾಶ ಮಾಡುತ್ತವೆ. 2013ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಲೋ-ಕೊಕೊ ನೇತೃತ್ವದ ಪ್ರಯೋಗದಲ್ಲಿ, ತೀವ್ರತೆ ಕಡಿಮೆ ಮತ್ತು ಮಧ್ಯಮ ಇದ್ದ ರೋಗಿಗಳಲ್ಲಿ, ಕೀಮೋ ಇಲ್ಲದೆ ಈ ಎರಡೇ ಔಷಧಿಗಳಲ್ಲಿ ಎರಡು ವರ್ಷದ ಬಳಿಕ 97 ಶೇಕಡ ಮಂದಿ ರೋಗ ಮರುಕಳಿಸದೆ ಬದುಕಿದ್ದರು. ಆಟ್ರಾ ಜೊತೆ ಕೀಮೋ ಪಡೆದವರಲ್ಲಿ ಇದು 86 ಶೇಕಡ. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು 1998ರಿಂದಲೇ ಬರೀ ಆರ್ಸೆನಿಕ್ ಒಂದನ್ನೇ ಕೊಟ್ಟು, ದುಬಾರಿ ಚಿಕಿತ್ಸೆ ಭರಿಸಲಾಗದ ಎಷ್ಟೋ ರೋಗಿಗಳನ್ನು ಗುಣಪಡಿಸಿ, ಜಗತ್ತಿಗೆ ದಾರಿ ತೋರಿದವರಲ್ಲಿ ಒಬ್ಬರಾದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದನ್ನು ಓದಿ ದಯವಿಟ್ಟು ನಿಮ್ಮ ತಾಯಿಗೆ ವಿಟಮಿನ್ ಎ ಮಾತ್ರೆ ತಂದುಕೊಡಬೇಡಿ. ಎಪಿಎಲ್‌ನಲ್ಲಿ ಫಲಿಸಿದ್ದು ಆ ಒಂದು ಬೆಸುಗೆ ಇದ್ದದ್ದರಿಂದ. ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ವಿಟಮಿನ್ ಎ ಮೂಲವಾದ ಬೀಟಾ-ಕೆರೊಟಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಮಾತ್ರೆ ತಿಂದವರಲ್ಲಿ ಶ್ವಾಸಕೋಶ ಕ್ಯಾನ್ಸರ್ ಸುಮಾರು 18 ಶೇಕಡ ಹೆಚ್ಚಾಗಿತ್ತು.

ಇನ್ನು ಗರ್ಭದಲ್ಲಿ ಉಳಿದುಕೊಂಡ ದೋಷದ ಮಾತು. ಆ ಯೋಚನೆ ಬಂದವರಲ್ಲಿ ನೀವು ಮೊದಲಿಗರಲ್ಲ. ಜರ್ಮನಿಯ ಯೂಲಿಯಸ್ ಕೋನ್‌ಹೈಮ್ 1870ರ ದಶಕದಲ್ಲೇ ಕ್ಯಾನ್ಸರುಗಳೆಲ್ಲ ಭ್ರೂಣದಿಂದ ಉಳಿದ ಕೋಶಗಳಿಂದ ಹುಟ್ಟುತ್ತವೆ ಎಂದು ವಾದಿಸಿದ್ದರು. ದೊಡ್ಡವರ ಕ್ಯಾನ್ಸರಿಗೆ ಅದು ಹೊಂದುವುದಿಲ್ಲ, ಆದರೆ ಮಕ್ಕಳ ಕೆಲವು ಕ್ಯಾನ್ಸರುಗಳಿಗೆ ಬಹಳ ಮಟ್ಟಿಗೆ ಹೊಂದುತ್ತದೆ. ಚಿಕ್ಕಮಕ್ಕಳ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯ ಸುತ್ತಮುತ್ತ ಎಷ್ಟೋ ಸಲ ಬಲಿಯದೇ ಉಳಿದ ಭ್ರೂಣದ ಮೂತ್ರಪಿಂಡದ ತುಣುಕುಗಳು ಸಿಗುತ್ತವೆ. ಡಬ್ಲ್ಯುಟಿ-1 ಎಂಬ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರಿಗೆ ಆ ಗಡ್ಡೆಯದೇ ಹೆಸರು. ನ್ಯೂರೋಬ್ಲಾಸ್ಟೋಮ ಎಂಬ ಇನ್ನೊಂದು ಗಡ್ಡೆ ಭ್ರೂಣದ ನರದ ಮೂಲಕೋಶಗಳಿಂದ ಬರುತ್ತದೆ. ಅದರಲ್ಲಿ ತೀವ್ರ ಬಗೆಯಿದ್ದ ಮಕ್ಕಳಿಗೆ ದೊಡ್ಡ ಚಿಕಿತ್ಸೆಗಳು ಮುಗಿದ ಮೇಲೆ ಮೊಡವೆಯ ಅದೇ ಐಸೊಟ್ರೆಟಿನೋಯಿನ್ ಕೊಡುತ್ತಾರೆ. ಬೆನ್ನುಮೂಳೆಯ ಬುಡದಲ್ಲಿ, ತಲೆಬುರುಡೆಯ ತಳದಲ್ಲಿ ಬರುವ ಕೋರ್ಡೋಮ ಎಂಬ ಅಪರೂಪದ ಗಡ್ಡೆ ದೊಡ್ಡವರಲ್ಲೂ ಬರುತ್ತದೆ. ಭ್ರೂಣದ ಬೆನ್ನಿನ ಆಧಾರದ ಕಡ್ಡಿಯಾದ ನೋಟೊಕಾರ್ಡಿನ ಉಳಿಕೆಗಳಿಂದ ಅದು ಹುಟ್ಟುತ್ತದೆ. ಆ ಕಡ್ಡಿಯನ್ನು ರೂಪಿಸುವ ಬ್ರಾಕಿಯೂರಿ ಜೀನನ್ನು 1927ರಲ್ಲಿ ಪ್ಯಾರಿಸ್‌ನಲ್ಲಿ ಮೋಟು ಬಾಲದ ಇಲಿಗಳಲ್ಲಿ ಕಂಡುಹಿಡಿದರು, 2009ರಲ್ಲಿ ಕೋರ್ಡೋಮ ಹಲವರಿಗೆ ಬಂದ ಕುಟುಂಬಗಳಲ್ಲಿ ಅದೇ ಜೀನು ಒಂದು ಪ್ರತಿ ಹೆಚ್ಚಾಗಿರುವುದು ಸಿಕ್ಕಿತು. ನಿಮ್ಮ ತಾಯಿಯವರ ಕಾಯಿಲೆ ಈ ಗುಂಪಿನದಲ್ಲ.

ಆದರೆ ಭ್ರೂಣದ ನಡವಳಿಕೆಯನ್ನು ದೊಡ್ಡವರ ಕೋಶ ಮತ್ತೆ ಎಬ್ಬಿಸಿಕೊಳ್ಳಬಲ್ಲದು, ಇದು ಬೇರೆ ಮಾತು. 2016ರಲ್ಲಿ ಬೋಸ್ಟನ್ನಿನ ಲೆನರ್ಡ್ ಜಾನ್ ಅವರ ತಂಡ ಜೀಬ್ರಾಮೀನುಗಳಲ್ಲಿ ತೋರಿಸಿದ್ದನ್ನು ನೋಡಿ. ಮೆಲನೋಮಕ್ಕೆ ಕಾರಣವಾಗುವ, ಬಿರಾಫ್ ಎಂಬ ಜೀನಿನ ದೋಷ ಆ ಮೀನುಗಳ ಎಲ್ಲ ಬಣ್ಣದ ಕೋಶಗಳಲ್ಲೂ ಇತ್ತು, ಕ್ಯಾನ್ಸರ್ ತಡೆಯುವ ಪಿ53 ಜೀನು ಇರಲಿಲ್ಲ. ಆದರೂ ಸಾವಿರಾರು ಕೋಶಗಳಲ್ಲಿ ಗಡ್ಡೆ ಕಟ್ಟುತ್ತಿದ್ದದ್ದು ಎಲ್ಲೋ ಒಂದೆರಡು. ಭ್ರೂಣದಲ್ಲಿ ಮಾತ್ರ ಎಚ್ಚರವಾಗಿರುವ ಕ್ರೆಸ್ಟಿನ್ ಎಂಬ ಜೀನು ಎದ್ದರೆ ಹಸಿರಾಗಿ ಹೊಳೆಯುವಂತೆ ಅವರು ಮೀನನ್ನು ಮಾರ್ಪಡಿಸಿದ್ದರು. ಮೀನಿನ ಮೈಮೇಲೆ ಒಂದೇ ಒಂದು ಕೋಶ ಹಸಿರಾಗಿ ಹೊಳೆಯಿತು, ಮುಂದೆ ಗಡ್ಡೆ ಬೆಳೆದದ್ದು ಆ ಕೋಶದಿಂದಲೇ. ನಮ್ಮ ಮೈಮೇಲಿನ ಮಚ್ಚೆಗಳಲ್ಲಿ ಬಹಳಷ್ಟರಲ್ಲಿ ಇದೇ ಬಿರಾಫ್ ದೋಷವಿದ್ದೂ ಅವು ಜೀವನಪೂರ್ತಿ ಮಚ್ಚೆಯಾಗಿಯೇ ಉಳಿಯುವುದೇಕೆ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ. ಡಿಎನ್‌ಎ ಕೆಟ್ಟರೆ ಸಾಲದು, ಕೋಶ ತನ್ನ ಎಳೆತನಕ್ಕೆ ಹಿಂದಿರುಗಲೂ ಬೇಕು.

ಶ್ವಾಸಕೋಶದ ಗಡ್ಡೆ ಲಿವರಿನವರೆಗೆ ಹೇಗೆ ನಡೆಯಿತು ಎಂಬುದರಲ್ಲೂ ಭ್ರೂಣದ ಜೀನುಗಳ ಕೈವಾಡದ ಅನುಮಾನವಿದೆ. ಭ್ರೂಣದಲ್ಲಿ ಒಂದಕ್ಕೊಂದು ಅಂಟಿಕೊಂಡ ಕೋಶಗಳು ಹಿಡಿತ ಬಿಟ್ಟು ಬೇರೆ ಜಾಗಕ್ಕೆ ಹೋಗಬೇಕಾದಾಗ ಸ್ನೇಲ್, ಟ್ವಿಸ್ಟ್ ಎಂಬ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳು ಎಚ್ಚರಗೊಳ್ಳುತ್ತವೆ. 2004ರಲ್ಲಿ ಇಲಿಗಳ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಟ್ವಿಸ್ಟ್ ಅನ್ನು ಅಡಗಿಸಿದಾಗ ಅವು ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ಆದರೆ 2015ರಲ್ಲಿ ಬಂದ ಕೆಲವು ಅಧ್ಯಯನಗಳು ಇವಿಲ್ಲದೆಯೂ ಕ್ಯಾನ್ಸರ್ ಹರಡಬಲ್ಲದು, ಇವುಗಳ ಮುಖ್ಯ ಪಾತ್ರ ಕೀಮೋವನ್ನು ತಡೆದುಕೊಳ್ಳುವುದರಲ್ಲಿದೆ ಎಂದವು. ಜಗಳ ಇನ್ನೂ ತೀರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೋಹಿತ್ ಕುಮಾರ್ ಜಾಲಿ ಅವರ ತಂಡ ಗಣಿತದ ಮಾದರಿಗಳ ಮೂಲಕ ಹೇಳುತ್ತಿರುವುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕೋಶ ಪೂರ್ತಿ ಹಿಡಿತ ಬಿಡಬೇಕಿಲ್ಲ, ಅರ್ಧ ಅಂಟಿ ಅರ್ಧ ಬಿಟ್ಟ ನಡುವಿನ ಸ್ಥಿತಿಯಲ್ಲೇ, ಗುಂಪಾಗಿ ಚಲಿಸುವಾಗಲೇ, ಅದು ಹೆಚ್ಚು ಅಪಾಯಕಾರಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಆ ಜೀನನ್ನೇ ತಡೆಯುವ ಔಷಧಿ. ಟಿಟಿಎಫ್-1ಕ್ಕೆ ಅಂಥ ಔಷಧಿ ಇಲ್ಲ. ಉಸಿರಾಟಕ್ಕೆ ಬೇಕಾದದ್ದನ್ನು ತಡೆಯುವುದು ಹೇಗೆ ಎನ್ನುವುದು ಒಂದು ತೊಡಕು, ಅದನ್ನು ಕಳೆದುಕೊಂಡ ಗಡ್ಡೆ ಇನ್ನೂ ಕೆರಳಬಹುದು ಎನ್ನುವುದು ಮೇಲೆ ಹೇಳಿದ ತೊಡಕು. ಇದಲ್ಲದೆ, ಔಷಧಿಯ ಅಣು ಹೋಗಿ ಕೂರಲು ಪ್ರೋಟೀನಿನಲ್ಲಿ ಒಂದು ಗುಳಿ ಬೇಕು, ಬಹಳಷ್ಟು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳಲ್ಲಿ ಅಂಥ ಗುಳಿ ಇರುವುದಿಲ್ಲ. ರಾರ್-ಆಲ್ಫಾಗೆ ರೆಟಿನೋಯಿಕ್ ಆಸಿಡ್ ಕೂರುವ ಜಾಗ ಮೊದಲೇ ಇದ್ದದ್ದು ಎಪಿಎಲ್ ರೋಗಿಗಳ ಅದೃಷ್ಟ.

ಹಾಗಾಗಿ ಈಗ ಸುತ್ತುದಾರಿ ಹಿಡಿದಿದ್ದಾರೆ. ಎಳೆಗೂಸುಗಳಲ್ಲಿ ಹೆಚ್ಚಾಗಿ ಬರುವ ಒಂದು ಲ್ಯುಕೀಮಿಯದಲ್ಲಿ ಕೆಎಂಟಿ2ಎ ಎಂಬ ಜೀನು ಮುರಿದು, ದೇಹದ ತಲೆ-ಬಾಲಗಳ ಕ್ರಮ ನಿರ್ಧರಿಸುವ ಹಾಕ್ಸ್ ಗುಂಪಿನ ಜೀನುಗಳು ಅಡಗಬೇಕಾದಾಗ ಅಡಗುವುದಿಲ್ಲ. ಹಾಕ್ಸ್ ಅನ್ನು ಮುಟ್ಟಲಾಗದೆ, ಕೆಎಂಟಿ2ಎಗೆ ಜೊತೆ ಕೊಡುವ ಮೆನಿನ್ ಎಂಬ ಪ್ರೋಟೀನನ್ನು ಬೇರ್ಪಡಿಸುವ ರೆವುಮೆನಿಬ್ ಎಂಬ ಮಾತ್ರೆ ತಯಾರಿಸಿದರು. ಅಮೆರಿಕ 2024ರ ನವೆಂಬರ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಇನ್ನೊಂದು ದಾರಿ ಶ್ವಾಸಕೋಶದ್ದೇ ಸ್ಮಾಲ್ ಸೆಲ್ ಕ್ಯಾನ್ಸರಿನಲ್ಲಿ ತೆರೆದಿದೆ. ಅಲ್ಲಿ ಎಎಸ್‌ಸಿಎಲ್-1 ಎಂಬ ಭ್ರೂಣದ ನರಕೋಶದ ಜೀನು ಎದ್ದು, ಡಿಎಲ್ಎಲ್-3 ಎಂಬ ಪ್ರೋಟೀನನ್ನು ಕೋಶದ ಹೊರಮೈಗೆ ತಂದು ಕೂರಿಸುತ್ತದೆ. ದೊಡ್ಡವರ ಸಾಮಾನ್ಯ ಕೋಶಗಳ ಹೊರಮೈಯಲ್ಲಿ ಅದು ಕಾಣುವುದು ಬಹಳ ಕಡಿಮೆ. ಅದನ್ನು ಒಂದು ಕೈಯಲ್ಲಿ, ರೋಗದ ವಿರುದ್ಧ ಹೋರಾಡುವ ರೋಗಿಯದೇ ಟಿ-ಕೋಶವನ್ನು ಇನ್ನೊಂದು ಕೈಯಲ್ಲಿ ಹಿಡಿಯುವ ಟಾರ್ಲಟಮ್ಯಾಬ್ ಎಂಬ ಆ್ಯಂಟಿಬಾಡಿಗೆ 2024ರ ಮೇನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಿಮ್ಮ ತಾಯಿಯವರದು ಅಡಿನೋಕಾರ್ಸಿನೋಮ, ಸ್ಮಾಲ್ ಸೆಲ್ ಅಲ್ಲ, ಆದ್ದರಿಂದ ಈ ಔಷಧಿ ಅವರಿಗೆ ಅಲ್ಲ.

ವಂಶಪಾರಂಪರ್ಯದ ಬಗ್ಗೆ. ವರದಿಯಲ್ಲಿ ಟಿಟಿಎಫ್-1 ಪಾಸಿಟಿವ್ ಎಂದರೆ ಆ ಪ್ರೋಟೀನು ಅಲ್ಲಿದೆ ಎಂದಷ್ಟೇ ಅರ್ಥ, ಜೀನಿನಲ್ಲಿ ದೋಷವಿದೆ ಎಂದಲ್ಲ, ಮಕ್ಕಳಿಗೆ ದಾಟುವಂಥದ್ದು ಅದರಲ್ಲಿ ಏನೂ ಇಲ್ಲ. ಇಂಥ ಜೀನುಗಳಲ್ಲಿ ಹುಟ್ಟಿನಿಂದ ಬಂದ ದೋಷ ಕುಟುಂಬದಲ್ಲಿ ಕ್ಯಾನ್ಸರ್ ತರುವ ಉದಾಹರಣೆಗಳು ಇವೆ. ರಕ್ತದಲ್ಲಿ ರಂಕ್ಸ್-1, ಪ್ರಾಸ್ಟೇಟ್‌ನಲ್ಲಿ ಹಾಕ್ಸ್-ಬಿ13. ಆದರೆ ಅವುಗಳಿಗೂ ನಿಮ್ಮ ತಾಯಿಯವರ ಕಾಯಿಲೆಗೂ ಸಂಬಂಧವಿಲ್ಲ. ಶ್ವಾಸಕೋಶದ ಅಡಿನೋಕಾರ್ಸಿನೋಮದ ಡಿಎನ್‌ಎ ದೋಷಗಳು ಬಹುತೇಕ ಬದುಕಿನ ನಡುವೆ, ಆ ಒಂದು ಕೋಶದಲ್ಲಿ ಆದವು. ನೀವಾಗಲಿ ತಮ್ಮನಾಗಲಿ ಟಿಟಿಎಫ್-1 ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ತಂದೆತಾಯಿ, ಒಡಹುಟ್ಟಿದವರಲ್ಲಿ ಇನ್ನೂ ಒಬ್ಬಿಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಆಗಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ.

ಈ ವಾರ ನೀವು ಮಾಡಬೇಕಾದ ಕೆಲಸ ಬೇರೆ ಇದೆ. ಟಿಟಿಎಫ್-1 ಕಾಯಿಲೆಯ ಮೂಲ ಹೇಳಿತು, ಯಾವ ಔಷಧಿ ಕೊಡಬೇಕು ಎಂದು ಹೇಳುವ ಪರೀಕ್ಷೆಗಳು ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್-1 ಮತ್ತು ಪಿಡಿ-ಎಲ್1. ನಮ್ಮ ದೇಶದ ಶ್ವಾಸಕೋಶ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಸುಮಾರು ಕಾಲು ಭಾಗ ಅಥವಾ ತುಸು ಹೆಚ್ಚು ಮಂದಿಗೆ ಇಜಿಎಫ್‌ಆರ್ ಜೀನಿನ ದೋಷ ಸಿಗುತ್ತದೆ, ಧೂಮಪಾನ ಮಾಡದ ಹೆಂಗಸರಲ್ಲಿ ಆ ಸಾಧ್ಯತೆ ಇನ್ನೂ ಹೆಚ್ಚು. ಸಿಕ್ಕರೆ ಕೀಮೋದಿಂದಲೇ ಆರಂಭಿಸಬೇಕೆಂದಿಲ್ಲ, ದಿನಕ್ಕೊಂದು ಮಾತ್ರೆಯಿಂದಲೂ ಚಿಕಿತ್ಸೆ ಶುರುಮಾಡಬಹುದು, ಲಿವರಿಗೆ ಹರಡಿದ ಮೇಲೂ ಅದು ಕೆಲಸ ಮಾಡುತ್ತದೆ. ಇವುಗಳಲ್ಲಿ ಯಾವ ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಎಂದು ಬರುತ್ತದೆ ಎಂದು ಆಂಕಾಲಜಿಯವರನ್ನು ನೇರವಾಗಿ ಕೇಳಿ. ತಾಯಿಯವರ ಸ್ಥಿತಿ ಕಾಯುವಂತಿದ್ದರೆ, ವರದಿ ಬಂದ ಮೇಲೆ ಚಿಕಿತ್ಸೆ ಶುರುಮಾಡಬಹುದೇ ಎಂದೂ ಕೇಳಿ.

ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ನಿಮ್ಮ ತಾಯಿಯವರ ತುಣುಕು ಮೇಣದ ಬ್ಲಾಕ್ ಆಗಿ ಇರುತ್ತದೆ. ಬೇರೆ ಊರಿನ ಆಸ್ಪತ್ರೆಗೆ ಹೋಗುವುದಾದರೆ ಸ್ಲೈಡುಗಳ ಜೊತೆ ಆ ಬ್ಲಾಕನ್ನೂ ಬರೆದುಕೊಟ್ಟು ಪಡೆಯಿರಿ, ಬಿಸಿಲಿಗೆ, ಬಿಸಿಯಾದ ಕಾರಿನಲ್ಲಿ ಇಡಬೇಡಿ. ಅದರಲ್ಲಿ ಅಂಗಾಂಶ ಸಾಕಷ್ಟು ಉಳಿದಿಲ್ಲ ಎಂದರೆ ಕೈಯಿಂದ ತೆಗೆದ ರಕ್ತದಲ್ಲೇ ಇಜಿಎಫ್‌ಆರ್ ಹುಡುಕುವ ಪರೀಕ್ಷೆ ಬೆಂಗಳೂರು ಮತ್ತು ಇತರ ದೊಡ್ಡ ಊರುಗಳ ಲ್ಯಾಬುಗಳಲ್ಲಿ ಸಿಗುತ್ತದೆ. ರಕ್ತದಲ್ಲಿ ಸಿಕ್ಕರೆ ನಂಬಬಹುದು. ಸಿಗದಿದ್ದರೆ ಇಲ್ಲ ಎಂದು ತೀರ್ಮಾನಿಸದೆ ಮತ್ತೊಮ್ಮೆ ಬಯಾಪ್ಸಿ ಮಾಡಿಸುವ ಬಗ್ಗೆ ಕೇಳಿ.